ಸೊಂಟದ ಬೆಲ್ಟು, ನೆವ್ ಕೊಟ್ಟ ಮಾತು

ಆಗಸ್ಟ್ 12

ಬೆಲ್ಟ್ ಚಾರ್ಜಿಗೆ ಹಾಕಿದೆ. ಹಸಿರು ದೀಪ ಬರುವವರೆಗೆ ಕುರ್ಚಿ ಬಿಟ್ಟು ಏಳುವಂತಿಲ್ಲ — ನನ್ನ ಗಂಡ ನೆವ್‌ನ ಕಾನೂನು. ಅದಕ್ಕೇ ಬರೆಯುತ್ತ ಕೂತಿದ್ದೇನೆ. ದಿನಾ ಬರೀರಿ, ದೊಡ್ಡದಾಗಿ ಬರೀರಿ ಎಂದಿದ್ದಾಳೆ ಫಿಸಿಯೋ ಹುಡುಗಿ. ಪಾರ್ಕಿನ್‌ಸನ್ ಬಂದವರ ಅಕ್ಷರ ಸಾಲು ಮುಗಿಯುವಷ್ಟರಲ್ಲಿ ಇರುವೆಯಾಗುತ್ತದಂತೆ. ಆಗುತ್ತಿದೆ.

ಬೆಲ್ಟ್ ಎನ್ನುವುದು ಹೆಸರಿಗೆ. ಬೀಳುತ್ತಿದ್ದೇನೆಂದು ಅದಕ್ಕೆ ತಿಳಿದರೆ, ನೆಲ ಮುಟ್ಟುವ ಮೊದಲೇ ಸೊಂಟದ ಎರಡೂ ಕಡೆ ಗಾಳಿಚೀಲ ಉಬ್ಬುತ್ತದೆ. ನೆವ್‌ನ ಫೋನಿಗೆ ಸುದ್ದಿಯೂ ಹೋಗುತ್ತದೆ. ಕಟ್ಟಿಕೊಂಡರೆ ಅಂಗಡಿಯಿಂದ ದಿಂಬು ಕದ್ದವಳ ಹಾಗೆ ಕಾಣುತ್ತೇನೆ.

ಒಪ್ಪಿದ್ದು ಒಂದೇ ಕಾರಣಕ್ಕೆ. ಜೂನ್‌ನಲ್ಲಿ, ಇಲ್ಲಿ ಚಳಿಗಾಲ ಶುರುವಾದಾಗ, ಇದೇ ಮೇಜಿನ ಮುಂದೆ ನೆವ್ ಹೇಳಿದ — "ಚಳಿಗಾಲ ಪೂರ್ತಿ ಇದನ್ನ ಕಟ್ಕೋ ಗ್ಲೆನ್. ಅಕ್ಟೋಬರಲ್ಲಿ ಲಾಬ್‌ಸ್ಟರ್ ಸೀಸನ್ ಶುರುವಾದ ದಿನ ದೋಣೀಲಿ ನನ್ನ ಪಕ್ಕ ಇರ್ತೀಯ. ಮಾತು ಕೊಟ್ಟೆ."

ಕೈ ಕುಲುಕಿದೆವು. ಗಂಡ ಹೆಂಡತಿ ಕೈ ಕುಲುಕುವುದೇ! ಆದರೆ ನಾವು ಮದುವೆಯಾದದ್ದೂ ದೋಣಿ ಕೊಂಡದ್ದೂ ಒಂದೇ ವಾರ. ಅಂದಿನಿಂದ ಅವನು ಚುಕ್ಕಾಣಿ ಹಿಡಿದ, ನಾನು ಲಾಬ್‌ಸ್ಟರ್ ಹಿಡಿಯುವ ಬೋನುಗಳನ್ನು ಕಡಲಿಂದ ಎಳೆದೆ. ಕಳೆದ ಮೇ ತಿಂಗಳವರೆಗೂ.

ಆಗಸ್ಟ್ 27

ಶೆರಿಲ್‌ಳ ಬೇಕರಿಯಲ್ಲಿ ಬೆಲ್ಟ್ ಉಬ್ಬಿಬಿಟ್ಟಿತು. ಬಿದ್ದಿರಲಿಲ್ಲ. ಕುರ್ಚಿಯಲ್ಲಿ ಧೊಪ್ಪೆಂದು ಕೂತೆ, ಅಷ್ಟೆ.

"ಅಯ್ಯೋ ಗ್ಲೆನಿಸ್! ಈ ವಯಸ್ಸಲ್ಲಿ, ಅದೂ ಅವಳಿ-ಜವಳಿನಾ?" ಎಂದಳು ಶೆರಿಲ್. ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಅಷ್ಟರಲ್ಲಿ ನೆವ್. ದೋಣಿಗೆ ಬಣ್ಣ ಬಳಿಯುತ್ತಿದ್ದವನು ಬ್ರಷ್ ಹಿಡಿದುಕೊಂಡೇ ಓಡಿ ಬಂದಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ಯಾರೂ ಮತ್ತೆ ನಗಲಿಲ್ಲ.

ಸೆಪ್ಟೆಂಬರ್ 21

ದೋಣಿ ನೀರಿಗಿಳಿಯಿತು. ಬೋನುಗಳ ಹಗ್ಗ ನಾನೇ ಗಂಟು ಹಾಕಿದೆ. ಬೆರಳು ಹಟ ಮಾಡಿದವು, ನಾನೂ ಮಾಡಿದೆ.

ಶೆಡ್‌ಗೆ ಹೋದರೆ ನೆವ್ ಮತ್ತು ಬ್ರೈಡಿ — ತೀರಿಕೊಂಡ ನನ್ನ ಅಕ್ಕನ ಮಗಳು — ಮಾತು ನಿಲ್ಲಿಸಿದರು. ಮೊಳೆಗೆ ಹೊಸ ಹಳದಿ ರೇನ್‌ಕೋಟ್ ತೂಗುತ್ತಿತ್ತು.

"ಯಾರ್ದು?"

"ಬ್ರೈಡೀದು. ಭಾರ ಎತ್ತೋಕೆ ಒಂದು ಕೈ ಇರ್ಲಿ ಅಂತ," ಎಂದ ನೆವ್.

ಬ್ರೈಡಿ ನೆಲ ನೋಡಿದಳು. ನಾಚಿಕೆ ಎಂದುಕೊಂಡೆ. ಒಳ್ಳೆಯದೇ ಆಯಿತು, ಮೂವರಾದೆವು ಎಂದುಕೊಂಡೆ.

ಸೆಪ್ಟೆಂಬರ್ 30, ಸಂಜೆ

ನಾಳೆ ಸೀಸನ್ ಶುರುವೆಂದು ಬೂಟು, ಟೋಪಿ, ಥರ್ಮಸ್ ಬಾಗಿಲ ಬಳಿ ಇಟ್ಟಿದ್ದೆ. ನೆವ್ ಬಂದು ನೋಡಿದ.

"ತೆಗೆದಿಡು ಗ್ಲೆನ್. ನೈಋತ್ಯದ ಗಾಳಿ ಏಳ್ತಿದೆ. ನಾಳೆ ಯಾರೂ ಹೊರಡಲ್ಲ."

"ಆಕಾಶ ಚೆನ್ನಾಗೇ ಇದ್ಯಲ್ಲೋ?"

"ಆಚೆ ಕಡೆ ಭಾರಿ ಅಲೆ. ಎರಡು ದಿನ ತಡ್ಕೋ."

ಸರಿ. ಗಾಳಿಯ ವಿಷಯದಲ್ಲಿ ಅವನ ಮಾತು ಮೀರಿದವಳಲ್ಲ. ಆ ಮಾತಿನ ಮೇಲೇ ಅಲ್ಲವೇ ಇಬ್ಬರ ಜೀವ ಇಷ್ಟು ವರ್ಷ ಉಳಿದದ್ದು.

ಅಕ್ಟೋಬರ್ 1, ಮಧ್ಯಾಹ್ನ

ಬರೆಯಲೇಬೇಕು. ಅಕ್ಷರ ಹೇಗಾದರೂ ಬರಲಿ.

ಬೆಳಿಗ್ಗೆ ನೆವ್ ಮನೆಯಲ್ಲಿರಲಿಲ್ಲ. ನನ್ನ ನಡುಕಕ್ಕೆ ಅವನ ನಿದ್ದೆ ಕೆಡುತ್ತದೆಂದು ಬೇರೆ ಕೋಣೆಯಲ್ಲಿ ಮಲಗುತ್ತಾನೆ. ಶೆಡ್‌ನಲ್ಲಿರಬೇಕು ಎಂದುಕೊಂಡು, ಅವನಿಗೂ ಸೇರಿಸಿ ಮಾಂಸದ ಪ್ಯಾಸ್ಟಿ ತರಲು ಬೇಕರಿಗೆ ಹೋದೆ.

ಶೆರಿಲ್ ಕಣ್ಣರಳಿಸಿದಳು. "ನೀನೇನೇ ಇಲ್ಲಿ? ನಿಮ್ಮ ದೋಣಿ ಕತ್ಲಲ್ಲೇ ಹೋಯ್ತಲ್ಲ!"

"ಯಾರೂ ಹೋಗಿಲ್ಲ. ಗಾಳಿ ಇದೆ."

ಅವಳು ಬಾಗಿಲಾಚೆ ನೋಡಿದಳು. ನಾನೂ ನೋಡಿದೆ. ಎದುರಿನ ದೋಣಿ ಕ್ಲಬ್ಬಿನ ಬಾವುಟ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

"ಗ್ಲೆನಿಸ್... ಕೂತ್ಕೋ," ಎಂದಳು.

ಕೂರಲಿಲ್ಲ. ದೋಣಿ ಕಟ್ಟುವ ಜೆಟ್ಟಿಗೆ ನಡೆದೆ. ಕಡಲು ತಟ್ಟೆಯಲ್ಲಿಟ್ಟ ನೀರು. ಒಂದು ದೋಣಿಯೂ ಇರಲಿಲ್ಲ, ನಮ್ಮದೂ. ವಾಪಸ್ ತಿರುಗಿದೆ — ಕಾಲು ಹಲಗೆಗೆ ಅಂಟಿತು, ಮೈ ಮುಂದೆ ಹೋಯಿತು. ಢಪ್.

ಬಿದ್ದದ್ದು ಗಾಳಿಚೀಲದ ಮೇಲೆ. ಅಂಗೈ ತರಚಿದೆ, ಸೊಂಟಕ್ಕೇನೂ ಆಗಿಲ್ಲ. ಗಾಳ ಹಾಕುತ್ತಿದ್ದವನೊಬ್ಬ ಓಡಿ ಬಂದ. "ಯಾರಿಗೆ ಫೋನ್ ಮಾಡ್ಲಿ?" ಎಂದ.

ಫೋನ್ ಬೇಡ ಎಂದೆ. ಬೆಲ್ಟ್ ಆಗಲೇ ಮಾಡಿರುತ್ತದೆ — ಕಡಲ ನಡುವೆ ನಿಂತವನಿಗೆ.

ಅದೇ ದಿನ, ಸಂಜೆ

ನೆವ್ ಬೂಟು ಕಳಚದೆ ಒಳಗೆ ಬಂದ. ಹಿಂದೆ ಬ್ರೈಡಿ.

"ಏನೂ ಮುರಿದಿಲ್ಲ ತಾನೇ? ನೋಡ್ದ್ಯಾ, ಬೆಲ್ಟ್ ಇಲ್ದಿದ್ರೆ—"

ನಾನು ಬ್ರೈಡಿಯನ್ನು ಕೇಳಿದೆ. "ನನ್ನ ಜಾಗಕ್ಕೆ ಬಾ ಅಂತ ನಿಂಗೆ ಯಾವಾಗ ಹೇಳ್ದ?"

"ಜೂನಲ್ಲೇ... ನೀವೇ ಹೇಳಿದ್ರಂತಲ್ಲ ಚಿಕ್ಕಮ್ಮ? ನಂಗಿನ್ನು ದೋಣಿ ಸಾಕು, ಬ್ರೈಡಿ ಹೋಗ್ಲಿ ಅಂತ. ನಿಮ್ಮ ಹತ್ರ ಆ ಮಾತು ಎತ್ತಿದ್ರೆ ನಿಮಗೆ ಅಳು ಬರುತ್ತೆ, ಸುಮ್ನಿರು ಅಂದ್ರು ಚಿಕ್ಕಪ್ಪ." ಅವಳೇ ಅಳತೊಡಗಿದಳು.

ನಾನು ಆಡದ ಮಾತು. ನನ್ನ ಬಾಯಲ್ಲಿಟ್ಟು, ನನ್ನ ಅಕ್ಕನ ಮಗಳಿಗೆ ಹೇಳಿದ್ದಾನೆ.

ಅವಳು ಹೋದ ಮೇಲೆ ಕೇಳಿದೆ. "ಕೈ ಕುಲುಕಿದಾಗ್ಲೇ ಗೊತ್ತಿತ್ತಾ, ಕರ್ಕೊಂಡು ಹೋಗಲ್ಲ ಅಂತ?"

ಬಗ್ಗಿ ಬೂಟು ಕಳಚಿದ. "ಇಲ್ಲಾಂದ್ರೆ ಬೆಲ್ಟ್ ಕಟ್ಕೊತಿದ್ಯಾ ನೀನು?"

ಇಲ್ಲ. ಕಟ್ಟಿಕೊಳ್ಳುತ್ತಿರಲಿಲ್ಲ. ಅದೇ ಸಂಕಟ. ಸುಳ್ಳು ಹೇಳಿ ನನ್ನ ಸೊಂಟ ಉಳಿಸಿದ್ದಾನೆ. ಥ್ಯಾಂಕ್ಸ್ ಹೇಳಬೇಕೇ?

ಅಕ್ಟೋಬರ್ 4

ಬೆಲ್ಟ್‌ಗೆ ಹೊಸ ಗ್ಯಾಸ್ ಡಬ್ಬಿ ಹಾಕಿಸಿಕೊಂಡು ಬಂದೆ. ಕಟ್ಟಿಕೊಳ್ಳುತ್ತೇನೆ. ಆದರೆ ಬಿದ್ದರೆ ಸುದ್ದಿ ಹೋಗುವ ಕಡೆ ನೆವ್ ಹೆಸರು ತೆಗೆಸಿದೆ. ಶೆರಿಲ್ ಹೆಸರು ಹಾಕಿಸಿದೆ. ಅವಳು ಯಾಕೆಂದು ಕೇಳಲಿಲ್ಲ.

ಹೆಸರು ತೆಗೆದ ಸುದ್ದಿ ನೆವ್‌ನ ಫೋನಿಗೇ ಹೋಗಿತ್ತು. ಬೋನಿಗಿಡುವ ಮೀನಿನ ವಾಸನೆ ಹೊತ್ತು ಬಂದು ನಿಂತ.

"ನನ್ನ ಹೆಸರು ಯಾಕೆ ತೆಗೆಸ್ದೆ?"

"ಬಿದ್ದಾಗ ನಿಜ ಹೇಳೋರು ಬೇಕು."

ಕುಸಿದು ಕೂತ. ಮೇ ತಿಂಗಳಲ್ಲಿ ದೋಣಿ ವಾಲಿದಾಗ ನಾನು ಅಂಚಿನ ಕಂಬಿ ದಾಟಿ ಆಚೆ ಬಿದ್ದೆನಲ್ಲ, ಅದನ್ನು ಹೇಳಿದ. ಮೊದಲ ಸಲ. "ನಿನ್ನ ಕಾಲರ್ ಮಾತ್ರ ಸಿಕ್ತು ಗ್ಲೆನ್. ಬಟ್ಟೆ ಹರಿಯೋ ಸದ್ದು ಕೇಳಿಸ್ತಿತ್ತು. ಇನ್ನೊಂದ್ಸಲ ನನ್ನ ಕೈಲಾಗಲ್ಲ."

"ಇದನ್ನೇ ಹೇಳಬಹುದಿತ್ತಲ್ಲೋ ಜೂನಲ್ಲಿ."

"ನೀನು ಒಪ್ತಿರ್ಲಿಲ್ಲ."

"ಒಪ್ತಿರ್ಲಿಲ್ಲ. ಜಗಳ ಆಡ್ತಿದ್ದೆ, ತಟ್ಟೆ ಎಸೀತಿದ್ದೆ. ಕೊನೆಗೆ ನಾನೇ ಬಿಡ್ತಿದ್ದೆ ನೆವ್. ನಾನೇ! ಅಷ್ಟಾದ್ರೂ ನಂಗೆ ಉಳೀತಿತ್ತು."

ಅವನು ಎದ್ದು ಹಿತ್ತಲಿಗೆ ಹೋದ.

ಅಕ್ಟೋಬರ್ 23

ಮಾತಾಡುತ್ತೇವೆ. ಉಪ್ಪು ಕೊಡು, ಔಷಧಿ ತಗೊಂಡ್ಯಾ, ಅಷ್ಟು. ಬ್ರೈಡಿ ಭಾನುವಾರ ಬಂದಿದ್ದಳು. ಬೋನಿನ ಹಗ್ಗ ಗೋಜಲಾಗುತ್ತದಂತೆ. ಗಂಟು ಹಾಕುವ ರೀತಿ ತೋರಿಸಿಕೊಟ್ಟೆ. ಅವಳ ತಪ್ಪೇನಿದೆ.

ನೆವ್ ಈಗಷ್ಟೇ ಹಿತ್ತಲಿಂದ ಕೂಗಿದ — "ಗ್ಲೆನ್, ಹೊರಗೆ ಹೋಗೋದಾದ್ರೆ ಹುಷಾರು, ಗಾಳಿ ಜೋರಾಗಿದೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದು ನಿಜವೂ ಆಗಿತ್ತು, ಗೇಟು ಬಡಿದುಕೊಳ್ಳುತ್ತಿತ್ತು, ಕಿವಿಗೇ ಕೇಳುತ್ತಿತ್ತು. ಆದರೂ ಎದ್ದೆ. ಗೋಡೆ ಹಿಡಿದು ಕಿಟಕಿಯವರೆಗೆ ಹೋಗಿ, ಅದರ ಬಾಗಿಲು ತೆರೆದು, ಕೈ ಹೊರಗೆ ಚಾಚಿ, ಗಾಳಿ ನಿಜಕ್ಕೂ ಇದೆಯೇ ಎಂದು ನಾನೇ ನೋಡಿದೆ.