ಯಜಮಾನರು ಎಳೆಯುತ್ತಿದ್ದ ಕಾಲು

ಸೋಮವಾರ, 18 ಆಗಸ್ಟ್.
ಆ ಕಾಲು ಯಾವುದೆಂದು ಬೆಳಗಿನಿಂದ ತಲೆ ತಿನ್ನುತ್ತಿದೆ.

ಮೊಮ್ಮಗಳು ರೂಪಶ್ರೀ ಎರಡು ವರ್ಷದಿಂದ ಕಂಪ್ಯೂಟರಿನಲ್ಲಿ ಒಂದು ಆಟ ಮಾಡುತ್ತಿದ್ದಾಳೆ. ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮನೆಯೇ ಆ ಆಟ. ಬೆಂಕಿ ಹೆಚ್ಚಾದರೆ ಸೊಪ್ಪು ಕಪ್ಪು, ಕಡಿಮೆಯಾದರೆ ಹಸಿರು. ಅದನ್ನು ಕಾಯುವ ಮುದುಕ ನಮ್ಮ ಯಜಮಾನರು. ಅವರು ಬದುಕಿದ್ದಾಗ ಕಾಲೆಳೆದು ನಡೆಯುವುದನ್ನು ನೋಡಿ ನೋಡಿ ಕಂಪ್ಯೂಟರಿನಲ್ಲೇ ಚಿತ್ರ ಬರೆದುಕೊಂಡಿದ್ದಳು. ಈಗ ಆಟ ಓಡಿಸುವ ಇಂಜಿನ್ನನ್ನೇ ಬದಲಾಯಿಸಿದ್ದಾಳೆ. ಗೋಡೆ, ಒಲೆ, ಬೆಂಕಿ ಎಲ್ಲ ಹೊಸದಕ್ಕೆ ಬಂದವು. ನಡಿಗೆ ಬರಲಿಲ್ಲ. ಹಳೆಯದು ಕೆಟ್ಟು ತೆರೆಯುವುದೂ ಇಲ್ಲವಂತೆ.

"ಮೋಟ್ರು ಬದಲಾಯಿಸುದ್ರೆ ಬೋರಿನ ನೀರೂ ಓಯ್ತದೇನೆ?" ಅಂದೆ.

"ಓಯ್ತು ಕಣಜ್ಜಿ. ತಾತ ಎಳೀತಿದ್ದುದು ಯಾವ ಕಾಲು? ನಂಗೆ ನೆಪ್ಪಿಲ್ಲ."

"ಎಡ್ಗಾಲು. ನಲವತ್ತು ವರ್ಸ ಅವರ ಹಿಂದ್ಗಡೆ ನಡ್ದೋಳ್ನ ಕೇಳ್ತೀಯಲ್ಲ!"

ನನ್ನ ಬಾಯಿ ಯಾವಾಗಲೂ ನನಗಿಂತ ಮುಂದೆ. ಆಮೇಲೆ ಎಡವೋ ಬಲವೋ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತವಳಿಗೆ ಕಂಡದ್ದು ಬದು ಮಾತ್ರ. ಯಾವ ಚಪ್ಪಲಿ ಸವೆದಿದೆ ನೋಡೋಣವೆಂದರೆ, ತಿಥಿಯ ದಿನ ಆ ಜೋಡಿಯನ್ನು ನಾನೇ ಯಾರಿಗೋ ಕೊಟ್ಟುಬಿಟ್ಟೆ.

ಸಂಜೆ ತೋರಿಸಿದಳು. ಮುದುಕ ಎಡಗಾಲು ಎಳೆಯುತ್ತ ಬಂದು ಒಲೆಗೆ ಸೌದೆ ಹಾಕಿದ.

"ಇಂಗೇ ಅಲ್ವಾ ಅಜ್ಜಿ?" ಅವಳ ಕಣ್ಣು ತುಂಬಿತ್ತು.

ನನಗೆ ಏನೂ ಆಗಲಿಲ್ಲ. ಯಾರೋ ಕೂಲಿಯವನು ನಡೆದಂತಿತ್ತು.

"ಇಂಗೇ ಕಣವ್ವ" ಅಂದೆ.

ಈಗ ಕಣ್ಣು ಮುಚ್ಚಿದರೂ ಅವರು ಎಡಗಾಲನ್ನೇ ಎಳೆಯುತ್ತಾರೆ. ಇನ್ನೊಂದು ನಡಿಗೆ ಇತ್ತೋ ಇಲ್ಲವೋ ಗೊತ್ತಾಗುತ್ತಿಲ್ಲ. ನನಗೆ ಖಾತ್ರಿಯಿಲ್ಲವೆಂದು ನಾಳೆ ಅವಳಿಗೆ ಹೇಳಬೇಕು. ಹೇಳಿದರೆ ಅವಳು ಇನ್ಯಾರನ್ನು ಕೇಳಬೇಕು, ನಾನೇ ಮರೆತ ಮೇಲೆ?