ಅಮ್ಮ ಹಿಡಿದಿಟ್ಟ ಗುಳ್ಳೆಗಳು

ನಿಝಾರ್ ಅಣ್ಣಾ,

ದಡ ಹತ್ತಿ ಓಡಿಹೋದವರಿಗೆ ಕಡಲ ತಳದ ನಮ್ಮ ರಾಜ್ಯದಿಂದ ಕಾಗದ ಕಳಿಸಿದರೆ ತಲೆ ಹೋಗುತ್ತದೆ. ಗೊತ್ತಿದ್ದೂ ಬರೆಯುತ್ತಿದ್ದೇನೆ. ಬರೆದು ಮರಳಲ್ಲಿ ಹೂತುಬಿಡುತ್ತೇನೆ.

ಇವತ್ತು ಚಿಕ್ಕಪ್ಪ ಗಝ್ವಾನ್ ನಮ್ಮ ಅಪ್ಪನ ಹವಳದ ಸಿಂಹಾಸನದಲ್ಲಿ ಕೂತು ಅಮ್ಮನನ್ನು ದರ್ಬಾರಿಗೆ ಕರೆಸಿದ. ನನ್ನ ಕುತ್ತಿಗೆಗೆ ಭಟನೊಬ್ಬ ಈಟಿ ಹಿಡಿದಿದ್ದ.

"ಏನತ್ತಿಗೆ, ನಿಮ್ಮ ಮಗರಾಯ ಜಿದ್ದಾ ದಡದಲ್ಲಿ ಖರ್ಜೂರ ತಿನ್ಕೊಂಡು, ಬಿಸಿಲು ಕಾಯಿಸ್ಕೊಂಡು ಕೂತಿದಾನಂತಲ್ಲ? ಈಗಲೂ ಅವನು ನಿಮ್ಮ ಮಗನೇನಾ? ಆಣೆ ಮಾಡಿ ಹೇಳಿ."

"ದಡ ಹತ್ತಿದೋನು ನನ್ನ ಮಗ ಅಲ್ಲ ಕಣಪ್ಪ. ಅವನು ಇದ್ರೆಷ್ಟು, ಹೋದ್ರೆಷ್ಟು."

ನಮ್ಮ ದರ್ಬಾರಿನ ಪದ್ಧತಿ ನೀನು ಮರೆತಿರಲಾರೆ. ಆಣೆ ಮಾಡುವವರ ಬಾಯಿಂದ ಒಂದೇ ಒಂದು ಗುಳ್ಳೆ ಹೊರಟರೂ ಅದು ಸುಳ್ಳು. ಸುಳ್ಳಿಗೆ ಶಿಕ್ಷೆ ಮನೆಯ ಮಕ್ಕಳಿಗೆ. ಎಲ್ಲರೂ ಅಮ್ಮನ ತುಟಿಯನ್ನೇ ನೋಡುತ್ತಿದ್ದರು. ಚಿಕ್ಕಪ್ಪ ಕೇಳಿದ್ದನ್ನೇ ತಿರುಗಿಸಿ ತಿರುಗಿಸಿ ಕೇಳಿದ. ಒಂದು ಗುಳ್ಳೆಯೂ ಏಳಲಿಲ್ಲ. ಭಟ ಈಟಿ ಇಳಿಸಿದ.

ಮನೆಗೆ ಬಂದವಳೇ ಅಮ್ಮ ನಿನ್ನ ಕೋಣೆಗೆ ಹೋದಳು. ನಾನು ಹಿಂದೆಯೇ ಹೋದಾಗ ಅವಳ ಬಾಯಿಂದ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದವು. ಚಾವಣಿಗೆ ಅಂಟಿ ಬೆಳ್ಳಗೆ ಗುಂಪುಗೂಡಿದವು. ಕಿಟಕಿ ತೆರೆದರೆ ಸಾಕು, ನೆಟ್ಟಗೆ ನೀನಿರುವ ಕಡೆಗೇ ಏರಿಬಿಡುತ್ತವೆ. ಹೊರಗೆ ಚಿಕ್ಕಪ್ಪನ ಕಾವಲಿನವರು ತಲೆಯೆತ್ತಿ ಅದಕ್ಕೇ ಕಾಯುತ್ತಿದ್ದರು.

ಅಮ್ಮ ಕಿಟಕಿಯನ್ನೇ ನೋಡುತ್ತಾ, "ಒಂದಾದ್ರೂ ಹೋಗ್ಲಿ ಕಣೇ," ಎಂದಳು.

ಕಿಟಕಿಗೆ ಅಗುಳಿ ಹಾಕಿದವಳು ನಾನು, ಅಣ್ಣಾ.