ಅರ್ಜಿಯ ಕೆಳಗಿನ ಸಹಿ

ಹೊಸಪೇಟೆ
14-9-2008, ಭಾನುವಾರ

ಜಡೆಪ್ಪಣ್ಣನವರಿಗೆ ನಾಗಭೂಷಣ ಮಾಡುವ ನಮಸ್ಕಾರಗಳು.

ಸಂಡೂರಿನಲ್ಲಿ ಅದಿರು ಲಾರಿ ಓಡಿಸುತ್ತಿದ್ದೀರಂತೆ. ಧೂಳಿನಲ್ಲಿ ಕಣ್ಣು ಜೋಪಾನ. ಹನ್ನೊಂದು ವರ್ಷ ಕ್ಯಾಮೆರಾ ಹಿಡಿದ ಕಣ್ಣು ಅದು.

ನಮ್ಮ ಕೇಬಲ್ ಚಾನೆಲ್‌ನಲ್ಲಿ ವಾರದ ರಜೆ, ನೇಮಕದ ಪತ್ರ ಬೇಕೆಂದು ಕೊಟ್ಟೆವಲ್ಲ, ಆ ಅರ್ಜಿ ಬರೆದವನು ನಾನು. ಎಡಿಟಿಂಗ್ ಕಂಪ್ಯೂಟರಿನಲ್ಲೇ ಟೈಪ್ ಮಾಡಿದ್ದೆ. ನಿಮ್ಮೆಲ್ಲರ ಸಹಿ ಹಾಕಿಸಿ, ನನ್ನದನ್ನು ಆಮೇಲೆ ಹಾಕಿದರಾಯಿತೆಂದು ಬಿಟ್ಟೆ.

"ಯಾರು ಬರದಾರ ಇದನ್ನ?" ಎಂದು ಮಾಲೀಕರು ಕೇಳಿದಾಗ ನಾನು ತಲೆ ತಗ್ಗಿಸಿ ನಿಂತೆ. "ನಾನ ಬರದೀನ್ರಿ, ಉಳಿದವರಿಗೆ ಏನೂ ಅನಬ್ಯಾಡ್ರಿ" ಎಂದವರು ನೀವು. ಅವತ್ತೇ ನಿಮ್ಮನ್ನು ಕೆಲಸದಿಂದ ತೆಗೆದರು.

ಹೋದ ತಿಂಗಳಿನಿಂದ ನಮಗೆ ಭಾನುವಾರ ರಜೆ ಸಿಕ್ಕಿದೆ. ನನ್ನನ್ನು ತಾಂತ್ರಿಕ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ಈ ಪತ್ರವನ್ನೂ ಆ ರಜೆಯಲ್ಲೇ ಕುಳಿತು ಬರೆಯುತ್ತಿದ್ದೇನೆ.

ಬಳ್ಳಾರಿಯಲ್ಲಿ ಹೊಸದಾಗಿ ಶುರುವಾದ ಚಾನೆಲ್‌ನವರು ಕ್ಯಾಮೆರಾಮನ್ ಹುಡುಕುತ್ತಿದ್ದಾರೆ. ಅನುಭವ ಪತ್ರ ಕೇಳುತ್ತಾರಂತೆ. ನಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಬರೆದು ಇದರ ಜೊತೆ ಇಟ್ಟಿದ್ದೇನೆ, ದಯವಿಟ್ಟು ಹೋಗಿ ಬನ್ನಿ. ಮಾಲೀಕರನ್ನು ಕೇಳಿಲ್ಲ. ಯಾರು ಬರೆದದ್ದೆಂದು ಅವರು ಈ ಸಲ ಯಾರನ್ನೂ ಕೇಳಬೇಕಾಗಿಲ್ಲ. ಅದರ ಕೆಳಗೆ ನನ್ನ ಸಹಿ ಇದೆ.

ಇತಿ,
ನಾಗಭೂಷಣ